ಆರಂಬಕ್ಕೆ ಹೊಟ್ಟೆ ಸೀಳಬೇಡಿ

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಯ್ತು. ಬರೀಬೇಕು ಅನ್ನಿಸುವುದು, ಕೂತು ಎರಡು ಸಾಲು ಕುಟ್ಟುವುದು, ಆಮೇಲೆ ಎದ್ದು ಹೋಗುವುದು... ಇದೇ ಆಗಿತ್ತು. ಈ ಸಲ ಮಾತ್ರ ಒಂದು ಪದ ನನ್ನನ್ನು ಹಿಡಿದುಕೊಂಡಿದೆ. ಬರೆದು ಮುಗಿಸಿದರೇ ಬಿಡುವುದು ಅಂತ ಕಾಣುತ್ತೆ.

ಆದದ್ದು ಇಷ್ಟು. ಯುಗಾದಿ ಕಳೆದು ಒಂದು ವಾರಕ್ಕೆ ಊರಿಂದ ಅಪ್ಪನ ಫೋನ್ ಬಂತು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಮಗಳು ಫೋನ್ ತಂದು ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟಳು. ಮಳೆ ವಿಷಯ, ಮೊಣಕಾಲು ನೋವು, ಅಡಿಕೆ ರೇಟು ಎಲ್ಲ ಆದ ಮೇಲೆ ಅಪ್ಪ ಅಂದ, "ಈ ವರ್ಸದಿಂದ ಆರಂಬ ಬಿಟ್ಟೆ ಕಣಪ್ಪ. ಹೊಲಾನ ಪಕ್ಕದೋರಿಗೆ ವಾರಕ್ಕೆ ಹೇಳಿದೀನಿ."

"ಒಳ್ಳೇದಾಯ್ತು ಬಿಡು. ಎಷ್ಟು ದಿನ ಅಂತ ಒದ್ದಾಡ್ತೀಯ" ಅಂದೆ. ಇನ್ನೂ ಎರಡು ಮಾತಾಡಿ ಫೋನ್ ಇಟ್ಟೆವು.

ಮಗಳು ಎಂಟನೇ ಕ್ಲಾಸು. ಬೆಂಗಳೂರಲ್ಲೇ ಹುಟ್ಟಿದವಳು. ಈರುಳ್ಳಿ ಸಿಪ್ಪೆ ಬಾಚುತ್ತಾ ಕೇಳಿದಳು: "ಅಪ್ಪಾ, ತಾತ ಏನನ್ನ ಆರಂಭ ಮಾಡೋದು ಬಿಟ್ರು?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕಂದರೆ ಇದೇ ಪ್ರಶ್ನೆಯನ್ನ, ಹೆಚ್ಚುಕಮ್ಮಿ ಇದೇ ಮಾತಲ್ಲಿ, ಇನ್ನೊಬ್ಬರು ನನ್ನನ್ನು ಕೇಳಿದ್ದರು. 1986ರಲ್ಲಿ.

ಆಗ ನಾನು ಐದನೇ ಕ್ಲಾಸು. 'ನಮ್ಮ ತಂದೆ' ಅನ್ನುವ ವಿಷಯದ ಮೇಲೆ ಹತ್ತು ಸಾಲು ಬರೆದುಕೊಂಡು ಬನ್ನಿ ಅಂದಿದ್ದರು. ಮೊದಲನೇ ಸಾಲೇ ನನಗೆ ನೆನಪಿದೆ: "ನಮ್ಮ ತಂದೆಯವರು ಆರಂಬ ಮಾಡುತ್ತಾರೆ." ಪುಸ್ತಕ ವಾಪಸ್ ಬಂದಾಗ ಆ 'ಬ'ದ ಹೊಟ್ಟೆ ಸೀಳಿತ್ತು, ಕೆಂಪು ಶಾಯಿಯಲ್ಲಿ. (ನಮ್ಮ ಕಡೆ ಮಕ್ಕಳು ಮಹಾಪ್ರಾಣಕ್ಕೆ ಹೊಟ್ಟೆ ಸೀಳು ಅಂತಲೇ ಹೇಳೋದು. ಬ ಬರೆದು ಕೆಳಗೊಂದು ಸಣ್ಣ ಗೀಟು ಎಳೆದರೆ ಭ.) ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಬರೆದಿತ್ತು: "ಏನನ್ನು?"

ಮೇಷ್ಟ್ರು ಅದನ್ನ ಕ್ಲಾಸಿಗೆಲ್ಲ ಓದಿ ಹೇಳಿದರು. "ಇವರಪ್ಪ ಆರಂಭ ಮಾಡ್ತಾರಂತೆ, ಮುಗಿಸೋದು ಯಾವಾಗಂತೆ?" ಅಂದರು. ಎಲ್ಲರೂ ನಕ್ಕರು. ಬೇಜಾರಿನ ಸಂಗತಿ ಅಂದರೆ ನಕ್ಕವರ ಮನೆಯಲ್ಲೂ ಎಲ್ಲರ ಅಪ್ಪಂದಿರೂ ಆರಂಬವನ್ನೇ ಮಾಡುತ್ತಿದ್ದರು. ಮೇಷ್ಟ್ರನ್ನು ಈಗ ದೂರುವುದಿಲ್ಲ. ಅವರು ಬೇರೆ ಸೀಮೆಯವರು, ಆ ಕಡೆ ಈ ಪದ ಬಳಕೆಯಲ್ಲಿ ಇರಲಿಲ್ಲವೋ ಏನೋ. ನಮ್ಮ ಪಾಠದ ಪುಸ್ತಕದಲ್ಲೂ ಇದ್ದದ್ದು ವ್ಯವಸಾಯ, ಕೃಷಿ ಅಷ್ಟೇ.

ಸಾಯಂಕಾಲ ಮನೆಗೆ ಬಂದಾಗ ಅಪ್ಪ ಎತ್ತಿನ ನೊಗ ಇಳಿಸುತ್ತಿದ್ದ. ನಾನು ಸಿಟ್ಟಲ್ಲಿದ್ದೆ. "ನೀನು ಮಾತಾಡೋದೆಲ್ಲ ತಪ್ಪಂತೆ. ಆರಂಬ ಅನ್ನಬಾರದಂತೆ. ವ್ಯವಸಾಯ ಅನ್ನಬೇಕಂತೆ" ಅಂದೆ. ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿ "ಹಂಗಾ?" ಅಂದ. ಆಮೇಲೆ ಎತ್ತು ಹಿಡಿದುಕೊಂಡು ಕೊಟ್ಟಿಗೆಗೆ ಹೋದ.

ಅಷ್ಟೇ. ನಾನು ಮರೆತೆ. ಅಪ್ಪನೂ ಮರೆತಿದ್ದಾನೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಫೋನ್ ಬಂದ ಮುಂದಿನ ಭಾನುವಾರ ಊರಿಗೆ ಹೋದೆ. ನಮ್ಮದು ತರೀಕೆರೆ ತಾಲ್ಲೂಕಿನ ಅಮೃತಾಪುರ. ನಿಮ್ಮಲ್ಲಿ ಕೆಲವರು ದೇವಸ್ಥಾನ ನೋಡೋಕೆ ಬಂದಿರಬಹುದು. 1196ರಲ್ಲಿ, ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ. ಊರಿಗೆ ಹೆಸರು ಬಂದದ್ದು ಅಲ್ಲಿಂದಲೇ. ಸುತ್ತ ಈಗ ಎಲ್ಲಿ ನೋಡಿದರೂ ಅಡಿಕೆ, ತೆಂಗು. ನಮ್ಮದೂ ಒಂದು ಎಕರೆ ತೋಟ ಇದೆ, ಬೋರ್‌ವೆಲ್ ನೀರು. ಇನ್ನೆರಡು ಎಕರೆ ಖುಷ್ಕಿ ಹೊಲ, ಮಳೆ ನಂಬಿದ್ದು. ಅಪ್ಪ ಬಿಟ್ಟೆ ಅಂದದ್ದು ಈ ಹೊಲವನ್ನ.

ಪಹಣಿ ಹಳೇದೊಂದು ಬೇಕು ಅಂತ ಅಪ್ಪನ ಕಬ್ಬಿಣದ ಟ್ರಂಕು ತೆಗೆದೆ. ಕಾಗದದ ಕಟ್ಟಿನ ಕೆಳಗೆ ಅಪ್ಪನ ಲೆಕ್ಕದ ಪುಸ್ತಕಗಳಿದ್ದವು. ವರ್ಷಕ್ಕೊಂದು. ನಾವು ಸ್ಕೂಲಲ್ಲಿ ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕಿನ ಖಾಲಿ ಹಾಳೆ ಹೊಲಿದು ಮಾಡಿಕೊಂಡದ್ದು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಒಳಗೆ ದಪ್ಪ ಅಕ್ಷರದಲ್ಲಿ ಬಿತ್ತನೆ ರಾಗಿ ಇಷ್ಟು, ಕಳೆ ಆಳು ಇಷ್ಟು, ಕುಳ ತಟ್ಟಿಸಿದ್ದು ಇಷ್ಟು, ಗೊಬ್ಬರದ ಗಾಡಿ ಇಷ್ಟು, ಸಂಘದ ಸಾಲ ಇಷ್ಟು.

ಮೇಲಿನ ರಟ್ಟು ಓದುತ್ತಾ ಹೋದೆ. 1979, ಆರಂಬದ ಲೆಕ್ಕ. 1980, ಆರಂಬದ ಲೆಕ್ಕ. 81, 82, 83, 84, 85, ಎಲ್ಲದರ ಮೇಲೂ ಅದೇ.

1986ರ ಪುಸ್ತಕದ ಮೇಲೆ 'ಆರಂಬದ' ಅನ್ನುವುದಕ್ಕೆ ಒಂದು ಗೀಟು ಹೊಡೆದಿತ್ತು. ಮೇಲೆ ಸಣ್ಣದಾಗಿ ಬೇರೆ ಪದ ಬರೆದಿತ್ತು. 'ವೆವಸಾಯದ ಲೆಕ್ಕ'.

ಆಮೇಲಿನದೆಲ್ಲ ವೆವಸಾಯವೇ. ಒಂದರಲ್ಲೂ ಆರಂಬ ಇಲ್ಲ. 1994ರವರೆಗೂ ವೆವಸಾಯ. ಆ ವರ್ಷ ಯಾರು ಹೇಳಿಕೊಟ್ಟರೋ, ವ್ಯ ಸರಿಯಾಗಿ ಬರೋಕೆ ಶುರುವಾಗಿದೆ.

ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಅಪ್ಪನಿಗೆ ಸರಿಯಾಗಿ ಬರೆಯೋಕೆ ಬರುತ್ತಿದ್ದ ಪದವನ್ನ ನಾನು ತಪ್ಪು ಅಂದಿದ್ದೆ. ಅದಕ್ಕೆ ಅವನು ಬರೆಯೋಕೆ ಬಾರದ ಪದವೊಂದನ್ನ ಹಿಡಿದುಕೊಂಡು ಎಂಟು ವರ್ಷ ತಪ್ಪು ತಪ್ಪಾಗಿ ಬರೆದಿದ್ದಾನೆ. ಹತ್ತು ವರ್ಷದ ಮಗ ಹೇಳಿದ ಅಂತ!

ಯಾಕೆ ಇಷ್ಟು ಖಾತ್ರಿಯಾಗಿ ಅಪ್ಪನದೇ ಸರಿ ಅಂತೀಯಾ ಅಂತ ಕೇಳಬಹುದು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅದನ್ನೇ ಹುಡುಕುತ್ತಾ ಕೂತೆ. ಸಿಕ್ಕಿದ್ದನ್ನ ಇಲ್ಲಿ ಹಾಕ್ತೀನಿ, ನೀವೂ ನೋಡಿ.

ಮೊದಲು ನಿಘಂಟು. ಸಾಹಿತ್ಯ ಪರಿಷತ್ತಿನ ದೊಡ್ಡ ಕನ್ನಡ ನಿಘಂಟಿನಲ್ಲಿ ಆರಂಬ ಇದೆ, ಬೇಸಾಯ ಅನ್ನುವ ಅರ್ಥವೂ ಇದೆ. ಸಂಸ್ಕೃತದ ಆರಂಭದಿಂದ ಬಂದ ತದ್ಭವ. ಆರಂಬ ಮಾಡುವವನು ಆರಂಬಗಾರ. ಹಾಗಾಗಿ ಇದು ಅಪ್ಪ ಬಾಯಿಗೆ ಬಂದ ಹಾಗೆ ಆಡಿದ ಮಾತಲ್ಲ.

ಎರಡನೆಯದು ಇನ್ನೂ ದೊಡ್ಡ ಸಾಕ್ಷಿ. ಬಸವಣ್ಣನವರ ವಚನ ಒಂದಿದೆ. ಗುರುಪೂಜೆಗಾಗಿ ಒಂದು ಕೆಲಸ, ಲಿಂಗಾರ್ಚನೆಗಾಗಿ ಇನ್ನೊಂದು, ಜಂಗಮದಾಸೋಹಕ್ಕಾಗಿ ಮತ್ತೊಂದು ಮಾಡುತ್ತೇನೆ ಅನ್ನುವ ವಚನ. ಆ ಮೂರು ಕೆಲಸಗಳಲ್ಲಿ ಎರಡನೆಯದು ವ್ಯಾಪಾರ, ಮೂರನೆಯದು ಇನ್ನೊಬ್ಬರ ಚಾಕರಿ. ಮೊದಲನೆಯದು ಆರಂಭ. ಅಲ್ಲಿ ಆರಂಭ ಅಂದರೆ ಶುರು ಅಂತ ಓದಿಕೊಂಡರೆ ವಚನಕ್ಕೆ ಅರ್ಥವೇ ಇಲ್ಲ. ಅದು ಬೇಸಾಯ, ಬೇರೇನೂ ಅಲ್ಲ. ಹನ್ನೆರಡನೇ ಶತಮಾನದ ಮಾತು ಇದು. ನಮ್ಮೂರ ಗುಡಿಗಿಂತ ಹಳೇದು! ಬಸವಣ್ಣನವರನ್ನ "ಏನನ್ನು?" ಅಂತ ಯಾರೂ ಕೇಳಿಲ್ಲ.

ಆದರೆ ನಾನು ನೋಡಿದ ವಚನದ ಪುಸ್ತಕದಲ್ಲಿ ಭ ಅಂತಲೇ ಅಚ್ಚಾಗಿದೆ. ಹಾಗಿದ್ದರೆ ಮೇಷ್ಟ್ರು ಹೊಟ್ಟೆ ಸೀಳಿದ್ದು ಸರಿಯಾ?

ಇಲ್ಲೇ ನನಗೆ ನಮ್ಮೂರಿನ ನಂಟೊಂದು ಸಿಕ್ಕಿದ್ದು. ಅಮೃತೇಶ್ವರ ಗುಡಿಯ ಹತ್ತಿರ ನಿಲ್ಲಿಸಿರುವ ದೊಡ್ಡ ಶಾಸನದ ಕಲ್ಲು ನೋಡಿರಬಹುದು, ನುಣ್ಣಗೆ ಹೊಳೆಯುತ್ತೆ. ಅದರ ಪದ್ಯಗಳನ್ನ ಬರೆದವನು ಜನ್ನ, 'ಯಶೋಧರ ಚರಿತೆ'ಯ ಜನ್ನನೇ. ಚಿಕ್ಕಂದಿನಲ್ಲಿ ಆ ಕಲ್ಲಿನ ಹಿಂದೆ ಕಣ್ಣಾಮುಚ್ಚಾಲೆ ಆಡುವಾಗ ನಮಗೆ ಇದು ಗೊತ್ತಿರಲಿಲ್ಲ ಬಿಡಿ. ಈ ಜನ್ನನ ಅಕ್ಕತಂಗಿಯರಲ್ಲಿ ಒಬ್ಬಳ ಮಗ ಕೇಶಿರಾಜ, ಹದಿಮೂರನೇ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದವನು. ಕನ್ನಡ ವ್ಯಾಕರಣ ಅಂದರೆ ಮೊದಲು ನೆನಪಾಗುವ ಹೆಸರು. ಸಂಸ್ಕೃತದ ಪದ ಕನ್ನಡಕ್ಕೆ ಬಂದು ತದ್ಭವ ಆಗುವಾಗ ಅಕ್ಷರಗಳು ಹೇಗೆ ಬದಲಾಗುತ್ತವೆ ಅನ್ನೋದಕ್ಕೇ ಅವನು ಒಂದು ಪ್ರಕರಣ ಇಟ್ಟಿದ್ದಾನೆ. ಮಹಾಪ್ರಾಣ ಅಲ್ಪಪ್ರಾಣ ಆಗುವುದು ಅದರಲ್ಲಿ ಮುಖ್ಯವಾದದ್ದು.

ಉದಾಹರಣೆಗೆ ಬೇರೆಲ್ಲೂ ಹೋಗಬೇಕಾಗಿಲ್ಲ. ಘಂಟೆ ಗಂಟೆಯಾಯ್ತು. ಭಂಡಾರ ಬಂಡಾರವಾಯ್ತು. ವಿಭೂತಿಯಿಂದ ಬೂದಿ. ಸ್ತಂಭ ಕಂಬ ಅಂತ ನಾವೆಲ್ಲ ಸ್ಕೂಲಲ್ಲಿ ತತ್ಸಮ ತದ್ಭವ ಬಾಯಿಪಾಠ ಮಾಡಿದ್ದೇ ತಾನೆ? ಸ್ತಂಭದಲ್ಲಿ ಇದ್ದ 'ಂಭ' ಕಂಬದಲ್ಲಿ 'ಂಬ' ಆಯ್ತು. ಆರಂಭದಲ್ಲಿ ಇದ್ದದ್ದು ಆರಂಬದಲ್ಲಿ ಹಾಗೇ ಆಯ್ತು. ಅದೇ ದಾರಿ, ಅದೇ ನಡಿಗೆ. ನಾನು ಪ್ರಬಂಧದಲ್ಲಿ "ನಮ್ಮ ಮನೆಯ ಮುಂದೆ ಲೈಟು ಕಂಬ ಇದೆ" ಅಂತ ಬರೆದಿದ್ದರೆ ಯಾರೂ ಅದನ್ನ ಕಂಭ ಅಂತ ತಿದ್ದುತ್ತಿರಲಿಲ್ಲ. ಕಂಬಕ್ಕೆ ಇದ್ದ ರಿಯಾಯಿತಿ ಆರಂಬಕ್ಕೆ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ.

ಮಹಾಪ್ರಾಣ ಬೇಕೋ ಬೇಡವೋ ಅನ್ನುವ ಜಗಳ ಇಲ್ಲಿಯವರಿಗೆಲ್ಲ ಗೊತ್ತು. ಡಿ. ಎನ್. ಶಂಕರ ಭಟ್ಟರ 'ಕನ್ನಡ ಬರಹವನ್ನು ಸರಿಪಡಿಸೋಣ' ಬಂದಾಗಿನಿಂದ ಎಷ್ಟು ಜನ ಎಷ್ಟು ಪುಟ ಬರೆದಿಲ್ಲ! ನಾನು ಆ ಜಗಳಕ್ಕೆ ಹೋಗ್ತಾ ಇಲ್ಲ. ನನ್ನದು ಸಣ್ಣ ಮಾತು. ಶುರು ಅನ್ನುವ ಅರ್ಥಕ್ಕೆ ಆರಂಭ ಬರೆಯಿರಿ, ಬೇಡ ಅನ್ನಲ್ಲ. ಬೇಸಾಯಕ್ಕೆ ಆರಂಬ. ಎರಡೂ ಒಂದೇ ತಾಯಿ ಮಕ್ಕಳು, ಆದರೆ ಯಾವತ್ತೋ ಬೇರೆ ಬೇರೆ ಮನೆ ಮಾಡಿಕೊಂಡಿವೆ. ಬರೆಯುವಾಗ ಒಂದೇ ಒಂದು ಗೀಟಿನ ವ್ಯತ್ಯಾಸ, ಕೀಲಿಮಣೆಯಲ್ಲಿ ಒಂದು ಶಿಫ್ಟ್ ಒತ್ತುವಷ್ಟು. ಆ ಗೀಟಿನಿಂದಲೇ ಯಾವುದು ಯಾವ ಮನೆ ಅಂತ ಗೊತ್ತಾಗುವುದಾದರೆ ಅದನ್ನ ಯಾಕೆ ಅಳಿಸಬೇಕು? ನನ್ನ ಮೊಬೈಲಿನಲ್ಲಿ ಈಗಲೂ ಆರಂಬ ಅಂತ ಕುಟ್ಟಿದರೆ ಆರಂಭ ಅಂತ ತೋರಿಸುತ್ತೆ. ಮೇಷ್ಟ್ರು ರಿಟೈರ್ ಆಗಿ ನನ್ನ ಜೇಬಿಗೇ ಬಂದು ಕೂತಿದ್ದಾರೆ :-)

ಇನ್ನು ಅರ್ಥ. ಶುರು ಅನ್ನುವ ಪದ ಬೇಸಾಯ ಹೇಗಾಯ್ತು?

ಸಂಸ್ಕೃತದ ಆರಂಭಕ್ಕೆ ಶುರು ಅನ್ನೋದು ಒಂದೇ ಅರ್ಥ ಅಲ್ಲ. ಕೈಗೆತ್ತಿಕೊಂಡ ಕೆಲಸ, ಉದ್ಯೋಗ, ಪ್ರಯತ್ನ ಅಂತಲೂ ಇದೆ. ಗೀತೆಯಲ್ಲಿ ಬರುವ 'ಸರ್ವಾರಂಭ' ಅಂದರೆ ಎಲ್ಲ ಶುರುಗಳು ಅಂತಲ್ಲ, ಕೈಗೊಂಡ ಎಲ್ಲ ಕೆಲಸಗಳು ಅಂತ. ಈಗ ವ್ಯವಸಾಯ ತಗೊಳ್ಳಿ. ಸಂಸ್ಕೃತದಲ್ಲಿ ಅದಕ್ಕೂ ಹೊಲಕ್ಕೂ ಸಂಬಂಧ ಇಲ್ಲ. ದೃಢವಾದ ನಿಶ್ಚಯ, ಬಿಡದ ಪ್ರಯತ್ನ ಅನ್ನುವ ಅರ್ಥ. ಅದು ಕನ್ನಡಕ್ಕೆ ಬಂದು ಉಳುಮೆ ಆಯ್ತು. ನಮ್ಮ ಬೇಸಾಯ ಅನ್ನುವುದು ಇದೇ ವ್ಯವಸಾಯದ ತದ್ಭವ. ತೆಲುಗಿನಲ್ಲೂ ತಮಿಳಿನಲ್ಲೂ ಅದು ಉಳುಮೆಯೇ. ಹಿಂದಿ, ಮರಾಠಿ ಕಡೆ ಹೋದರೆ ಮಾತ್ರ ಉದ್ಯೋಗ, ವ್ಯಾಪಾರ ಅಂತ ಆಗುತ್ತೆ.

ಇದನ್ನ ನಾನು ಪೆಟ್ಟು ತಿಂದೇ ಕಲಿತದ್ದು. ಮೊದಲನೇ ಕೆಲಸಕ್ಕೆ ಪುಣೆಗೆ ಹೋದಾಗ ಒಂದು ಕಡೆ ಖಾತೆ ತೆಗೆಯೋ ಫಾರಂ ಕೊಟ್ಟರು. ಹೆಸರು, ವಿಳಾಸ ಆದ ಮೇಲೆ 'ವ್ಯವಸಾಯ' ಅಂತ ಇತ್ತು. ಇವರಿಗೆ ನಮ್ಮ ಹೊಲದ ವಿಷಯ ಯಾಕೆ ಅಂದುಕೊಂಡರೂ ನಿಯತ್ತಾಗಿ "ರಾಗಿ, ಅವರೆ, 2 ಎಕರೆ" ಅಂತ ಬರೆದೆ. ಕೌಂಟರಿನಲ್ಲಿದ್ದವರು ಅದನ್ನ ಓದಿ, ನನ್ನ ಇಸ್ತ್ರಿ ಮಾಡಿದ ಶರ್ಟ್ ನೋಡಿ, ಮತ್ತೆ ಓದಿದರು. ಆಮೇಲೆ ಬೇರೆ ಫಾರಂ ಕೊಟ್ಟರು.

ಹೀಗೆ ಪ್ರಯತ್ನ ಅನ್ನುವ ಅರ್ಥದ ಎರಡು ಪದಗಳು, ಆರಂಭ ಒಂದು, ವ್ಯವಸಾಯ ಒಂದು, ನಮ್ಮ ನೆಲಕ್ಕೆ ಬಂದು ಎರಡೂ ಉಳುಮೆಯ ಹೆಸರಾದವು. ಒಂದು ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಎರಡೂ ಹಾಗೇ ಆದದ್ದಕ್ಕೆ ನನಗೆ ತೋಚುವ ಕಾರಣ ಒಂದೇ. ಕೆಲಸ, ಪ್ರಯತ್ನ ಅಂದರೆ ಇಲ್ಲಿಯ ಜನರ ಕಣ್ಣ ಮುಂದೆ ಬಂದದ್ದು ಹೊಲವೇ. ಬೇರೆ ಕೆಲಸಕ್ಕೆಲ್ಲ ಅದರದರ ಹೆಸರು ಇತ್ತು, ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆ ಅಂತ. ಉಳಿದ ದೊಡ್ಡ ಕೆಲಸಕ್ಕೆ 'ಕೆಲಸ' ಅಂತಲೇ ಹೆಸರಾಯ್ತು.

ಒಂದು ಆಸೆ ನನಗೆ ತುಂಬಾ ದಿನ ಇತ್ತು, ಅದನ್ನೂ ಹೇಳಿಬಿಡ್ತೀನಿ. ಅವ್ವನ ತವರು ಅರಸೀಕೆರೆ ಕಡೆ. ಅಲ್ಲಿ ಯುಗಾದಿಗೆ ಹೊನ್ನಾರು ಕಟ್ಟುವುದು ಅಂತ ಇತ್ತು. ಹೊಸ ವರ್ಷದ ಮೊದಲ ಉಳುಮೆ, ಎತ್ತಿಗೆ ಪೂಜೆ ಮಾಡಿ ನಾಲ್ಕು ಸಾಲು ಹೊಡೆಯುವುದು. ಹೊನ್ನು ಸೇರಿಸು ಆರು. ಈ ಆರು ಲೆಕ್ಕದ ಆರಲ್ಲ, ನೇಗಿಲಿಗೆ ಹೂಡಿದ ಎತ್ತಿನ ಜೋಡಿ. ಏರು ಅಂತಲೂ ಅಂತಾರೆ. ಹಾಗಾಗಿ ಆರಂಬವೂ ಈ ಆರಿನಿಂದಲೇ ಬಂದಿರಬೇಕು, ಅಚ್ಚಗನ್ನಡ ಪದ ಅಂತ ಹಾಸ್ಟೆಲಿನಲ್ಲಿ ಗೆಳೆಯರ ಹತ್ತಿರ ವಾದ ಮಾಡಿದ್ದೆ. ಕಿವಿಗೇನೋ ಚೆನ್ನಾಗಿದೆ. ಆದರೆ ಕಿವಿಗೆ ಹೊಂದಿದ್ದೆಲ್ಲ ಬೇರಲ್ಲ. ನಮ್ಮ ಕಡೆಯದೇ ಉದಾಹರಣೆ ಕೊಡ್ತೀನಿ. ಪಕ್ಕದ ಅಜ್ಜಂಪುರದಲ್ಲಿ ಅಮೃತಮಹಲ್ ದನದ ತಳಿ ಕೇಂದ್ರ ಇದೆ. ಚಿಕ್ಕಂದಿನಲ್ಲಿ ನಾವೆಲ್ಲ ಅಮೃತಮಹಲ್ ಎತ್ತು ಅಂದರೆ ಅಮೃತಾಪುರದ್ದೇ ಅಂತ ಜಂಬ ಕೊಚ್ಚುತ್ತಿದ್ದೆವು. ನಿಜ ಏನಂದರೆ ಊರಿನ ಅಮೃತ ದಂಡನಾಯಕನ ಹೆಸರು, ಎತ್ತಿನ ಅಮೃತ ಹಾಲು ಬೆಣ್ಣೆಯದ್ದು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಒಂದೇ ಅಕ್ಷರ, ಬೇರೆ ಬೇರೆ ಕಥೆ. ಆರಂಬವೂ ಹಾಗೇ, ತದ್ಭವ ಅಂತ ಒಪ್ಪಿಕೊಂಡರೆ ಅದರ ಮರ್ಯಾದೆ ಏನೂ ಕಮ್ಮಿಯಾಗಲ್ಲ.

ಮತ್ತೆ ಇಷ್ಟು ಹಳೆಯ ಪದ ಮೇಷ್ಟ್ರಿಗೆ, ಮಗಳಿಗೆ, ಮೊಬೈಲಿಗೆ ಯಾಕೆ ಗೊತ್ತಿಲ್ಲ? ಟ್ರಂಕಿನಲ್ಲಿದ್ದ ಕಾಗದಗಳನ್ನ ನೋಡುವಾಗ ಇದಕ್ಕೂ ಉತ್ತರ ಸಿಕ್ಕಿತು ಅನ್ಸುತ್ತೆ. ಪಹಣಿಯಲ್ಲಿ ಸಾಗುವಳಿ ಅಂತ ಇದೆ, ಅದು ಕಂದಾಯದವರ ಪದ. ಸಾಲ ಕೊಟ್ಟದ್ದು ವ್ಯವಸಾಯ ಸೇವಾ ಸಹಕಾರ ಸಂಘ. ಬೀಜ ಕೊಡುವುದು ಕೃಷಿ ಇಲಾಖೆ, ಅದನ್ನ ತರೋಕೆ ಹೋಗಬೇಕಾದ್ದು ರೈತ ಸಂಪರ್ಕ ಕೇಂದ್ರಕ್ಕೆ. ರೈತ ಅನ್ನೋದು ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಪ್ರಜೆ ಅಂತ ಅರ್ಥ, ಕಂದಾಯ ಕಟ್ಟುವವನು. ಎಲ್ಲ ಪದಕ್ಕೂ ಒಂದೊಂದು ಆಫೀಸು ಸಿಕ್ಕಿತು. ಆರಂಬಕ್ಕೆ ಸಿಗಲಿಲ್ಲ. ಅದು ಜಗಲಿಯ ಮೇಲೆ, ಕಣದಲ್ಲಿ, ಸಂತೆಯಲ್ಲಿ ಉಳಿಯಿತು. ಆರಂಬ ಹೆಂಗಿದೆ ಈ ವರ್ಸ ಅಂತ ಒಬ್ಬರನ್ನೊಬ್ಬರು ಕೇಳುವುದರಲ್ಲಿ ಉಳಿಯಿತು. ಹೆಣ್ಣು ಕೊಡುವವರು ಎಷ್ಟು ಎಕರೆ ಅಂತ ಕೇಳುತ್ತಿರಲಿಲ್ಲ, "ಎಷ್ಟೆತ್ತಿನ ಆರಂಬ?" ಅಂತ ಕೇಳುತ್ತಿದ್ದರು. ಎರಡೆತ್ತಿನ ಆರಂಬ ಅಂದರೆ ನಮ್ಮಂಥವರು. ನಾಲ್ಕೆತ್ತಿನದು ಅಂದರೆ ದೊಡ್ಡ ಮನೆ.

ನಮ್ಮಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಕಮತ ಅನ್ನೋರು ಸಿಗ್ತಾರೆ. ಇನ್ನೂ ಮೇಲೆ ಹೋದರೆ ಒಕ್ಕಲುತನ. ಎಲ್ಲ ಒಳ್ಳೆಯ ಪದಗಳೇ. ಅವುಗಳನ್ನೂ ಯಾವುದೋ ಹುಡುಗ ಯಾವುದೋ ಸಾಯಂಕಾಲ ತಪ್ಪು ಅಂದಿರುತ್ತಾನೆ ಅನ್ನೋದು ನನ್ನ ಗುಮಾನಿ.

ಕಾರಹುಣ್ಣಿಮೆಗೆ ಮತ್ತೆ ಊರಿಗೆ ಹೋದೆ, ಮಗಳನ್ನೂ ಕರಕೊಂಡು. ಎತ್ತಿನ ಹಬ್ಬ, ಆದರೆ ನಮ್ಮ ಕೊಟ್ಟಿಗೆಯಲ್ಲಿ ಎತ್ತಿಲ್ಲ. ಕೊನೆಯ ಜೋಡಿ ಮಾರಿದ್ದು 2009ರಲ್ಲಿ. ಆಮೇಲೆ ಉಳುಮೆಗೆ ಬಾಡಿಗೆ ಟ್ರ್ಯಾಕ್ಟರು. ಆದರೂ ಅವ್ವ ನೊಗ ತೊಳೆದು ಅರಿಶಿನ ಕುಂಕುಮ ಹಚ್ಚಿದ್ದಳು.

ಬರುವಾಗ ತರೀಕೆರೆ ಪೇಟೆಯಲ್ಲಿ ಒಂದು ನೋಟ್‌ಬುಕ್ ತಗೊಂಡಿದ್ದೆ. ಬಸ್ಸಿನಲ್ಲೇ ಕೂತು ರಟ್ಟಿನ ಮೇಲೆ ಬರೆದೆ, 'ಆರಂಬದ ಲೆಕ್ಕ'. ಊಟ ಆಗಿ ಅಪ್ಪ ಜಗಲಿ ಮೇಲೆ ಎಲೆ ಅಡಿಕೆ ಹಾಕುವಾಗ ಕೈಗೆ ಕೊಟ್ಟೆ.

ಕನ್ನಡಕ ಹಾಕಿಕೊಂಡು ಓದಿದ. "ಹೊಟ್ಟೆ ಸೀಳ್ಲಿಲ್ವೇನೋ?" ಅಂದ.

ಅಂದರೆ ನೆನಪಿತ್ತು. ಗೀಟಿನ ಸಮೇತ ನೆನಪಿತ್ತು.

"ಸೀಳೋದು ಬೇಡಪ್ಪ. ನೀನು ಬರೆದಿದ್ದೇ ಸರಿ. ಅವತ್ತು ನಾನು ಹೇಳಿದ್ದು ತಪ್ಪು" ಅಂದೆ. ಬಸವಣ್ಣನವರ ವಿಷಯ ಹೇಳಿದೆ. ಕಂಬದ ವಿಷಯ ಹೇಳಿದೆ. ನಮ್ಮ ಗುಡಿ ಕಲ್ಲು ಬರೆದವನ ಅಳಿಯ ಹೀಗೆ ಹೇಳಿದಾನೆ ಅಂತ ಹೇಳಿದೆ. ಎಲ್ಲ ಕೇಳಿಸಿಕೊಂಡು ಅಪ್ಪ ನಕ್ಕ. "ನಲವತ್ತು ವರ್ಸ ಆಗ್ತಾ ಬಂದ್ಮೇಲೆ ಹೇಳ್ತೀಯಲ್ಲೋ. ಆರಂಬ ಬಿಟ್ಟ ವರ್ಸ ಆರಂಬದ ಪುಸ್ತಕ ತಂದ್ಯಾ?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಗಳೇ ಮಾತಾಡಿದಳು. "ತಾತ, ನಿಮಗೆ ತೋಟ ಇದೆಯಲ್ಲ, ಅದು ಆರಂಬ ಅಲ್ವಾ?" ಅವಳು ಬ ಅಂತಲೇ ಅಂದಳು.

"ತೋಟ ಆರಂಬ ಹೆಂಗಾಯ್ತದವ್ವ" ಅಂದ ಅಪ್ಪ. "ತೋಟ ಒಂದ್ಸಲ ಇಟ್ರೆ ನಿಂತಿರ್ತದೆ. ನೀರು ಬಿಡೋದು, ಗೊಬ್ಬರ ಹಾಕೋದು, ಕೊನೆ ಇಳಿಸೋದು. ಹೊಲ ಹಂಗಲ್ಲ. ಹೋದ ವರ್ಸ ಏನೇ ಬೆಳೆದಿರು, ಈ ವರ್ಸ ಬರೀ ಮಣ್ಣು. ವರ್ಸ ವರ್ಸನೂ ಮೊದ್ಲಿಂದ ಹಚ್ಕೋಬೇಕು. ಅದಕ್ಕೆ ಮೈಯಲ್ಲಿ ಕಸುವು ಇರಬೇಕು, ಮನಸ್ಸೂ ಇರಬೇಕು. ನಂಗೆ ಈಗ ಎರಡೂ ಇಲ್ಲ, ಅದಕ್ಕೇ ಬಿಟ್ಟೆ."

ಮಗಳು ನನ್ನ ಕಡೆ ತಿರುಗಿ ನೋಡಿದಳು. ಈರುಳ್ಳಿ ಹೆಚ್ಚುವಾಗ ಅವಳು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ತಾತ ಏನನ್ನ ಆರಂಭ ಮಾಡೋದು ಬಿಟ್ರು ಅಂದರೆ ಇದನ್ನೇ. ಅವಳು ತಪ್ಪು ಕೇಳಿದ್ದಾಳೆ ಅಂದುಕೊಂಡಿದ್ದೆ. ಅಷ್ಟೇನೂ ತಪ್ಪು ಕೇಳಿರಲಿಲ್ಲ.

ಪುಸ್ತಕವನ್ನ ಅಪ್ಪ ದೇವರ ಗೂಡಿನ ಪಕ್ಕ ಇಟ್ಟ. ಅದರಲ್ಲಿ ಏನಾದರೂ ಬರೀತಾನಾ, ಹಾಗೇ ಖಾಲಿ ಇಡ್ತಾನಾ ಅಂತ ನಾನು ಕೇಳಲಿಲ್ಲ. ಪಕ್ಕದವರು ಹೊಲಕ್ಕೆ ಕುಂಟೆ ಹೊಡೆಸುವ ದಿನ ಬದುವಿನ ಮೇಲೆ ಹೋಗಿ ನಿಂತಿದ್ದನಂತೆ, ಅವ್ವ ಹೇಳಿದಳು. ಕುಂಟೆ ಆಳ ಸಾಲದು ಅಂತ ಬೈದು ಬಂದನಂತೆ.

ನಿಮ್ಮ ಊರಲ್ಲಿ ಏನಂತಾರೆ, ಆರಂಬವೋ, ಕಮತವೋ, ಒಕ್ಕಲುತನವೋ? ಮನೆಯಲ್ಲಿ ಹಿರಿಯರು ಇದ್ದರೆ ಒಂದು ಸಲ ಕೇಳಿ ನೋಡಿ. ಅವರು ಹೇಳಿದ ಹಾಗೇ ಬರೆದಿಡಿ. ತಿದ್ದೋಕೆ ಮಾತ್ರ ಹೋಗಬೇಡಿ, ಅವರು ನಂಬಿಬಿಡ್ತಾರೆ.